ಹಾಯಿ ಇಳಿಯುವ ಹಳಿ

ಕಿಟಕಿಯ ಪರದೆಯನ್ನು ಕೆಳಗಿನ ಅಂಚು ಹಿಡಿದು ಓರೆಯಾಗಿ ಜಗ್ಗಿದರೆ ಅದರ ಉಂಗುರಗಳು ಸರಳಿನ ಮೇಲೆ ಕಚ್ಚಿಕೊಂಡು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಲವಾಗಿ ಎಳೆದಷ್ಟೂ ಕಚ್ಚು ಹೆಚ್ಚುವುದೇ ಹೊರತು ಪರದೆ ಸರಿಯದು. ಮನೆಯಲ್ಲಾದರೆ ಕುರ್ಚಿಯೊಂದನ್ನು ಹಾಕಿಕೊಂಡು ಬಿಡಿಸಿದರಾಯಿತು. ಇದೇ ತೊಡಕು ನಡುಗಡಲಿನಲ್ಲಿ, ಹತ್ತು ಹನ್ನೆರಡು ಮೀಟರು ಎತ್ತರದ ಕೂವೆಕಂಬದ ಮೇಲೆ, ಗಾಳಿ ಏರುತ್ತಿರುವ ವೇಳೆಯಲ್ಲಿ ಒದಗಿದರೆ ಅಷ್ಟು ಸುಲಭವಾಗಿ ತೀರದು. ವಿಹಾರನೌಕೆಯ, ಎಂದರೆ ಯಾಚಿನ, ದೊಡ್ಡ ಹಾಯಿಯನ್ನು ಕಂಬಕ್ಕೆ ತೊಡಿಸುವ ಬಗೆಯನ್ನು ಕುರಿತು ಈ ದಿನ ನಾವು ಹೇಳಹೊರಟಿರುವುದಕ್ಕೆ ಈ ತೊಡಕೇ ಕಾರಣ.

ಒಳನಾಡಿನವರಾದ ನಮಗೆ ಹಾಯಿಯೆಂದರೆ ಏರಿಸುವ ವಸ್ತುವೆಂದೇ ಭಾವನೆ. ನಾವಿಕನ ಚಿಂತೆಯೆಲ್ಲ ಅದನ್ನು ಇಳಿಸುವುದರಲ್ಲಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡವು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 10 ನಾವಿಕಮೈಲಿಯ ಹಿತವಾದ ಗಾಳಿಗೆ ಬಿಚ್ಚಿದ ಹಾಯಿಯನ್ನು, ಗಾಳಿ 20 ಮೈಲಿಗೆ ಏರುವುದರೊಳಗೆ ಕಿರಿದುಮಾಡದಿದ್ದರೆ ನೌಕೆ ವಿಪರೀತವಾಗಿ ವಾಲುತ್ತದೆ, ಚುಕ್ಕಾಣಿ ಹೇಳಿದ ಮಾತು ಕೇಳದು. ಆಗ ಹಾಯಿ ಅರ್ಧದಲ್ಲಿ ಸಿಕ್ಕಿಕೊಂಡಿತೆಂದರೆ ಯಾರಾದರೊಬ್ಬರು ಹಿಂಬದಿಯ ಆಸರೆಯನ್ನು ಬಿಟ್ಟು, ಒದ್ದೆಯಾಗಿ ಹೊಯ್ದಾಡುವ ಮೇಲಟ್ಟವನ್ನು ದಾಟಿ, ಕಂಬದ ಬುಡದಲ್ಲಿ ನಿಂತು ಬಟ್ಟೆಯನ್ನು ಜಗ್ಗಬೇಕು. ಎರಡು ಕೈಗಳೂ ಬಟ್ಟೆಯ ಮೇಲಿದ್ದರೆ ತನ್ನನ್ನು ಹಿಡಿದುಕೊಳ್ಳುವುದಕ್ಕೆ ಕೈ ಉಳಿಯದು. ಇಂಗ್ಲೆಂಡು ಅಮೆರಿಕಗಳ ಕರಾವಳಿಯಲ್ಲಿ ಗಂಡಹೆಂಡಿರಿಬ್ಬರೇ ನಡೆಸುವ ನೌಕೆಗಳು ಎಷ್ಟೋ ಉಂಟು; ಅವರಲ್ಲೊಬ್ಬರು ನೀರಿಗೆ ಬಿದ್ದರೆ ನೌಕೆಯನ್ನು ತಿರುಗಿಸಲೂ ಬಿದ್ದವರನ್ನು ಎತ್ತಲೂ ಉಳಿಯುವವರು ಒಬ್ಬರೇ.

ಹಿಂದಿನ ಕಾಲದ ನೌಕೆಗಳಲ್ಲಿ ಹಾಯಿಯ ಮುಂದಂಚನ್ನು ಮರದ ದೊಡ್ಡ ಬಳೆಗಳಿಗೆ ಕಟ್ಟಿ, ಆ ಬಳೆಗಳನ್ನು ಕಂಬಕ್ಕೆ ತೊಡಿಸುತ್ತಿದ್ದರು. ಹಾಯಿಯ ನೆತ್ತಿಯಲ್ಲಿ ಭಾರವಾದ ಮರದ ಗಳುವೊಂದು ಇರುತ್ತಿತ್ತು. ಹಗ್ಗವನ್ನು ಸಡಿಲಿಸಿದರೆ ಆ ಭಾರವೇ ಹಾಯಿಯನ್ನು ಕೆಳಕ್ಕೆ ತರುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎತ್ತರವಾದ ಕಂಬ, ಮುಕ್ಕೋನೆಯ ಹಾಯಿಗಳುಳ್ಳ ಬರ್ಮುಡಾ ಕಟ್ಟು ಬಳಕೆಗೆ ಬಂತು. ನೀಳವಾದ ಆ ಕಂಬವನ್ನು ನಡುನಡುವೆ ಅಡ್ಡಗೋಲುಗಳಿಂದಲೂ ತಂತಿಗಳಿಂದಲೂ ಬಿಗಿಯಬೇಕಾಯಿತು. ನೋಡಿದವರಿಗೆ ಅದು ಮಾರ್ಕೋನಿಯ ನಿಸ್ತಂತು ಕಂಬದಂತೆಯೇ ಕಂಡುದರಿಂದ ಅದಕ್ಕೆ ಮಾರ್ಕೋನಿ ಕಟ್ಟು ಎಂದೇ ಹೆಸರಾಯಿತು. ಬಾನುಲಿಯ ಶ್ರೋತೃಗಳಿಗೂ ಹಾಯಿದೋಣಿಗೂ ಹೀಗೊಂದು ನಂಟು ಇದೆಯೆಂಬುದನ್ನು ಮರೆಯಬಾರದು. ಆದರೆ ಕಂಬದ ನಡುವೆ ತಂತಿ ಕಟ್ಟಿದ ಮೇಲೆ ಬಳೆ ಅದನ್ನು ದಾಟುವುದೆಂತು? ಬಳೆ ಹೋಗಿ ಹಳಿ ಬಂತು. ಕಂಬದ ಹಿಂಬದಿಯಲ್ಲಿ ಲೋಹದ ಹಳಿ, ಇಲ್ಲವೆ ಕಂಬದಲ್ಲಿಯೇ ಉದ್ದಕ್ಕೂ ಒಂದು ತೋಡು. ಅದರಲ್ಲಿ ಸರಿದಾಡುವ ಸಣ್ಣ ಬಿಲ್ಲೆಗಳು. ನೆತ್ತಿಯ ಗಳುವೂ ಹೋಯಿತು, ಅದರೊಡನೆ ಇಳಿಸುವ ಭಾರವೂ ಹೋಯಿತು.

ಈಚೆಗೆ ಇನ್ನೊಂದು ಬದಲಾವಣೆ ಸೇರಿಕೊಂಡಿತು. ಹಾಯಿ ಪಟಪಟನೆ ಬಡಿದುಕೊಳ್ಳದೆ ಆಕಾರದಲ್ಲಿ ನಿಲ್ಲಲೆಂದು ಅದರ ಹಿಂದಂಚಿನಿಂದ ಮುಂದಂಚಿನವರೆಗೂ ಉದ್ದನೆಯ ದಬ್ಬೆಗಳನ್ನು ಹೊಲಿದು ಕೂರಿಸುವ ಪದ್ಧತಿ ಅದು. ಗಾಳಿ ತುಂಬಿದಾಗ ದಬ್ಬೆ ಬಿಲ್ಲಿನಂತೆ ಬಾಗಿ, ತನ್ನ ಮುಂತುದಿಯಿಂದ ಕಂಬವನ್ನು ಒತ್ತುತ್ತದೆ. ಆ ಒತ್ತಡದಲ್ಲಿ ಬಿಲ್ಲೆ ಸ್ವಲ್ಪ ಓರೆಯಾದರೆ ಸಾಕು, ಪರದೆಯ ಉಂಗುರದಂತೆ ಕಚ್ಚಿಕೊಳ್ಳುತ್ತದೆ. 30 ಚದರ ಮೀಟರಿನ ಹಾಯಿಯನ್ನು ಚದರ ಮೀಟರಿಗೆ 350 ಗ್ರಾಂ ತೂಗುವ ಬಟ್ಟೆಯಿಂದ ಮಾಡಿದರೆ ಬಟ್ಟೆಯ ತೂಕ ಹತ್ತೂವರೆ ಕಿಲೋಗ್ರಾಂ ಮಾತ್ರ. ಇಳಿಯುವುದಕ್ಕೆ ಅದಕ್ಕಿರುವ ಬಲ ಹೆಚ್ಚುಕಡಿಮೆ ಅಷ್ಟೆ. ಘರ್ಷಣೆ ಅದಕ್ಕಿಂತ ಮಿಗಿಲಾದರೆ ಹಾಯಿ ಇದ್ದಲ್ಲಿಯೇ ನಿಲ್ಲುತ್ತದೆ. ಗಾಳಿ ಬಲವಾದಷ್ಟೂ ಘರ್ಷಣೆ ಹೆಚ್ಚುವುದು, ತೂಕವಾದರೋ ಇದ್ದಷ್ಟೇ ಇರುವುದು. ಇಳಿಸಲೇಬೇಕಾದ ಹೊತ್ತಿನಲ್ಲಿಯೇ ಹಾಯಿ ಇಳಿಯದಿರುವ ಗುಟ್ಟು ಇದು.

ಇದಕ್ಕೆ ಈಗ ಎರಡು ಬಗೆಯ ಪರಿಹಾರ ದೊರೆಯುತ್ತದೆ. ಒಂದು, ಬಹು ನುಣುಪಾದ ಗಟ್ಟಿ ಪಾಲಿಎಥಿಲೀನಿನ ಪಟ್ಟಿಯನ್ನು ಕಂಬದ ಹಳೆಯ ತೋಡಿನೊಳಕ್ಕೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಅದರ ಮೇಲೆ ತುಕ್ಕು ಹಿಡಿಯದ ಉಕ್ಕಿನ ಉದ್ದನೆಯ ಬಿಲ್ಲೆಗಳನ್ನು ಜಾರಿಸುವುದು. ಬಿಲ್ಲೆ ಉದ್ದವಾದಷ್ಟೂ ಓರೆಯಾಗುವುದು ಕಡಮೆ. ಇನ್ನೊಂದು, ಕಂಬದ ಹೊರಗೆ ಅಲ್ಯುಮಿನಿಯಂ ಹಳಿಯನ್ನು ಕೂರಿಸಿ, ಅದರ ಮೇಲೆ ಗುಂಡುಗಳ ಬೇರಿಂಗಿರುವ ಪುಟ್ಟ ಬಂಡಿಗಳನ್ನು ಓಡಿಸುವುದು. ಅಮೆರಿಕದ ಪೀಟರ್ ಹಾರ್ಕೆನ್ 1960ರ ದಶಕದಲ್ಲಿ ದೋಣಿಯ ರಾಟೆಗಳಲ್ಲಿ ಉಕ್ಕಿನ ಗುಂಡಿಗೆ ಬದಲಾಗಿ ಪ್ಲಾಸ್ಟಿಕ್ಕಿನ ಗುಂಡುಗಳನ್ನು ಇಟ್ಟರು. ಅವು ಹಗುರ, ಉಪ್ಪುನೀರಿಗೆ ತುಕ್ಕೂ ಇಲ್ಲ. ಹಾರ್ಕೆನ್ನರ ವಿಸ್ಕಾನ್ಸಿನ್ ಸೀಮೆ ಸಮುದ್ರದಿಂದ ಬಹು ದೂರದ ಸರೋವರಗಳ ನಾಡೆಂಬುದು ಒಳನಾಡಿನವರಾದ ನಮಗೆ ಸಂತೋಷದ ಸಂಗತಿ.

ನಮ್ಮ ಅಭಿಪ್ರಾಯದಲ್ಲಿ ಸಾಧಾರಣ ಗಾತ್ರದ ನೌಕೆಗೆ ಮೊದಲನೆಯದೇ ಸಾಕು. ಅದಕ್ಕೆ ವೆಚ್ಚವೂ ಕಡಮೆ, ಕೆಡುವ ಭಾಗಗಳೂ ಕಡಮೆ. ದೊಡ್ಡ ಹಾಯಿಗೂ ಭಾರವಾದ ದಬ್ಬೆಗಳಿಗೂ ಬಂಡಿಯೇ ಬೇಕು. ಯಾವುದನ್ನು ಕೊಳ್ಳುವ ಮುನ್ನವೂ ತೋಡನ್ನು ತೊಳೆದು ಉಪ್ಪು ತೆಗೆಯಬೇಕು, ಒಣಗಿದ ಮೇಲೆ ಸಿಲಿಕೋನ್ ಸವರಬೇಕು, ಕಂಬದ ತುದಿಯ ರಾಟೆ ತಿರುಗುತ್ತಿದೆಯೇ ಎಂದು ನೋಡಬೇಕು, ದಬ್ಬೆಗಳ ಬಿಗಿಯನ್ನು ಕೊಂಚ ತಗ್ಗಿಸಬೇಕು. ರಾಟೆಯ ದೋಷಕ್ಕೆ ಹಳಿಯನ್ನು ಕೊಂಡವರು ಹಣ ಕಳೆದುಕೊಂಡಂತೆಯೇ ಸರಿ.

ಕೂರಿಸುವ ಕೆಲಸದಲ್ಲಿ ಮೂರು ನಾಲ್ಕು ಎಚ್ಚರಿಕೆಗಳುಂಟು. ಪಾಲಿಎಥಿಲೀನ್ ಬಿಸಿಲಿಗೆ ಅಲ್ಯುಮಿನಿಯಂಗಿಂತ ಹಲವು ಪಟ್ಟು ಹಿಗ್ಗುವುದರಿಂದ ಪಟ್ಟಿಯ ಒಂದು ತುದಿಯನ್ನು ಮಾತ್ರ ಬಿಗಿದು ಇನ್ನೊಂದಕ್ಕೆ ಎಡೆ ಬಿಡಬೇಕು. ಎರಡೂ ಕಡೆ ಬಿಗಿದರೆ ನಡುವೆ ಉಬ್ಬುತ್ತದೆ. ಉಕ್ಕಿನ ತಿರುಪು ಅಲ್ಯುಮಿನಿಯಂ ಕಂಬವನ್ನು ಉಪ್ಪುನೀರಿನಲ್ಲಿ ಮುಟ್ಟಿದರೆ ಅಲ್ಲೊಂದು ವಿದ್ಯುತ್ಕೋಶವೇ ಆಗಿ ಅಲ್ಯುಮಿನಿಯಂ ಸವೆಯುತ್ತದೆ. ಆದುದರಿಂದ ನಡುವೆ ತಡೆಯುವ ಲೇಪವಿರಬೇಕು. ಹೊರಗಿನ ಹಳಿಯ ದಪ್ಪದಷ್ಟು ಹಾಯಿ ಹಿಂದಕ್ಕೆ ಸರಿಯುವುದರಿಂದ, ಹಾಯಿ ಹೊಲಿಯುವವನು ಕೆಳಮೂಲೆಯ ಅಳತೆಯನ್ನು ತಿದ್ದಬೇಕಾಗುತ್ತದೆ. ತಂತಿಗಳ ಅಳತೆ ಹಾಗೆಯೇ ಇರುತ್ತದೆ.

ಒಂದು ದೋಷವನ್ನೂ ಹೇಳದೆ ಬಿಡುವಂತಿಲ್ಲ. ಹಾಯಿ ಇಳಿದಾಗ ಬಂಡಿಗಳು ಒಂದರ ಮೇಲೊಂದು ಕೂತು ಎತ್ತರದ ಪೇರಿಕೆಯಾಗುತ್ತವೆ. ಹಾಯಿಯ ನೆತ್ತಿ ಕೈಗೆ ಎಟುಕದಷ್ಟು ಮೇಲೆ ನಿಲ್ಲುವುದರಿಂದ, ಅದಕ್ಕೆ ಹೊದಿಕೆ ಹಾಕುವುದಕ್ಕಾಗಿ ಕೆಲವರು ಕಂಬಕ್ಕೆ ಒಂದೆರಡು ಮೆಟ್ಟಿಲುಗಳನ್ನು ಜೋಡಿಸಿಕೊಂಡಿದ್ದಾರೆ. ಆ ಮೆಟ್ಟಿಲನ್ನು ಹತ್ತುವುದು ಬಂದರಿನಲ್ಲಿ, ಕಟ್ಟಿ ನಿಲ್ಲಿಸಿದ ನೌಕೆಯ ಮೇಲೆ.