ಬಿಸಿಲಿಗೆ ನಿಲ್ಲುವ ಜೀಪು: ಕಾರ್ಬ್ಯುರೇಟರಿಗೆ ಎಂಥ ಪಂಪು, ಎಂಥ ಫಿಲ್ಟರು?

ಟೈರಿಗೆ ಹವಾ ಹೊಡೆಸುವಾಗ ಮೀಟರಿನ ಮುಳ್ಳು 30ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಳೆಯ ಪೆಟ್ರೋಲ್ ಜೀಪಿನ ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಅದರ ಹತ್ತರಲ್ಲೊಂದು ಪಾಲು, ಎರಡೂವರೆಯಿಂದ ನಾಲ್ಕು ಪಿಎಸ್‌ಐ ಒಳಗೆ. ಈ ಅಂಕಿ ಗೊತ್ತಿಲ್ಲದೆ ‘ಜೋರಿನ ಪಂಪು ಕೊಡ್ರಿ’ ಎಂದು ಅಂಗಡಿಯಲ್ಲಿ ಕೇಳುವವರೇ ಹೆಚ್ಚು. ಜೋರಿನ ಪಂಪು ಹಾಕಿದ ಮೇಲೆ ಗಾಡಿ ಮೊದಲಿಗಿಂತ ಹೆಚ್ಚು ಕಾಡುತ್ತದೆ.

ಅಕ್ಕಲಕೋಟ ತಾಲ್ಲೂಕಿನ ತಡವಳದ ಸುತ್ತ, ಭೀಮಾ ನದಿಯ ಎರಡೂ ದಂಡೆಗೆ, ಎರೆಭೂಮಿ. ನಾಲ್ಕು ಹನಿ ಬಿದ್ದರೆ ಹೊಲದ ದಾರಿ ಗಾಲಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕುಬಿಟ್ಟು ಹುಡಿಯಾಗಿ ಏಳುತ್ತದೆ. ಇಂಥ ಕಡೆ ನಾಲ್ಕೂ ಗಾಲಿ ಎಳೆಯುವ ಹಳೆಯ ಗಾಡಿಯನ್ನು ಜನ ಸುಮ್ಮನೆ ಮಾರುವುದಿಲ್ಲ. ಮಹೀಂದ್ರದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದರು. ಮುಂದೆ ಬಂದ ಸಿಜೆ-3ಬಿ ಜೀಪಿನಲ್ಲಿದ್ದದ್ದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್ನು. ಎಷ್ಟೋ ಮಾಲೀಕರು ಆಮೇಲೆ ಅದನ್ನು ಕಿತ್ತು ಡೀಸೆಲ್ ಇಂಜಿನ್ ಕೂರಿಸಿಕೊಂಡರು; ಉಳಿಸಿಕೊಂಡವರು ಇವತ್ತಿಗೂ ಕಾರ್ಬ್ಯುರೇಟರಿನ ಜೊತೆ ಬಾಳುತ್ತಿದ್ದಾರೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಮೊದಲ ಹದಿನೈದು ವರ್ಷದಷ್ಟು ಕಾಲ ಕಾರ್ಬ್ಯುರೇಟರಿನ ಗಾಡಿಯೇ. ಈ ಲೇಖನ ಈ ಎರಡು ಗಾಡಿ ಇಟ್ಟುಕೊಂಡವರಿಗಾಗಿ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬುತ್ತಿದ್ದಂತೆ ತೇಲುವ ಚೆಂಡು ಮೇಲೆದ್ದು ನೀರು ಬರುವ ಬಾಯಿ ಮುಚ್ಚುತ್ತದಲ್ಲ, ಕಾರ್ಬ್ಯುರೇಟರಿನ ಬಟ್ಟಲಲ್ಲಿ ಆಗುವುದೂ ಅದೇ. ಫ್ಲೋಟ್ ಎದ್ದು ಒಂದು ಸಣ್ಣ ಸೂಜಿಯನ್ನು ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ಆ ಫ್ಲೋಟಿನ ತಾಕತ್ತು ಎಷ್ಟಿದ್ದೀತು? ನಾಲ್ಕು ಪಿಎಸ್‌ಐ ದಾಟಿತೋ, ಪೆಟ್ರೋಲು ಸೂಜಿಯನ್ನು ತಳ್ಳಿಕೊಂಡು ಒಳಗೆ ನುಗ್ಗಿ ಬಟ್ಟಲು ತುಂಬಿ ಚೆಲ್ಲುತ್ತದೆ. ಗ್ಯಾರೇಜಿನವರು ಓವರ್‌ಫ್ಲೋ ಅನ್ನುವುದು ಇದಕ್ಕೇ. ಕರಿಹೊಗೆ ಬರುತ್ತದೆ, ಪ್ಲಗ್ಗು ತೊಯ್ಯುತ್ತದೆ, ಬಿಸಿ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಈಗಿನ ಇಂಜೆಕ್ಷನ್ ಕಾರುಗಳ ಟಾಕಿಯೊಳಗಿನ ಪಂಪು 35ರಿಂದ 45 ಪಿಎಸ್‌ಐ ಅಥವಾ ಅದಕ್ಕೂ ಹೆಚ್ಚು ಕೊಡುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದು ಜೀಪಿಗೆ ಜೋಡಿಸಬಾರದು.

ಹಾಗಾದರೆ ಪ್ರಮಾಣ ಎಷ್ಟು ಬೇಕು? ಹರಿಕೇನ್ ಇಂಜಿನ್ನಿನ ಶಕ್ತಿ 70 ಅಶ್ವಶಕ್ತಿಯ ಆಸುಪಾಸು. ಅಷ್ಟನ್ನೂ ಪೂರ್ತಿ ಹಿಂಡಿದರೆ ಗಂಟೆಗೆ ಸುಮಾರು 25 ಲೀಟರ್, ಅಂದರೆ ನಿಮಿಷಕ್ಕೆ 400 ಮಿಲಿಲೀಟರಿನಷ್ಟು ಪೆಟ್ರೋಲ್ ಸುಡುತ್ತದೆ. ಹೊಲದ ದಾರಿಯಲ್ಲಿ ನಾವು ಓಡಿಸುವುದಕ್ಕೆ ಅದರ ಕಾಲು ಭಾಗವೂ ಬೇಕಿಲ್ಲ. ಜಿಪ್ಸಿಗೆ ಇನ್ನೂ ಸ್ವಲ್ಪ ಕಡಿಮೆ ಸಾಕು. ಗಂಟೆಗೆ 60–70 ಲೀಟರ್ ಎಂದು ಬರೆದ ಸಣ್ಣ ಪಂಪು ಈ ಗಾಡಿಗಳಿಗೆ ಧಾರಾಳವಾಯಿತು. ಕಾರ್ಬ್ಯುರೇಟರ್ ಕೇಳುವುದು ರಭಸವನ್ನಲ್ಲ, ಬಟ್ಟಲು ಯಾವಾಗಲೂ ತುಂಬಿರುವುದನ್ನು.

ಇಂಜಿನ್ನಿನ ಮೈಗೆ ಬೋಲ್ಟು ಹಾಕಿ ಕೂರಿಸಿದ ಮೆಕ್ಯಾನಿಕಲ್ ಪಂಪನ್ನು ಈ ಗಾಡಿ ಮಾಡಿದವರು ಬಲು ಜಾಣತನದಿಂದ ಮಾಡಿದ್ದಾರೆ. ಕ್ಯಾಮ್‌ಶಾಫ್ಟು ತಿರುಗುವಾಗ ಒಂದು ಲಿವರನ್ನು ಒತ್ತುತ್ತದೆ, ಲಿವರು ಡಯಾಫ್ರಮ್ಮನ್ನು ಎಳೆಯುತ್ತದೆ, ಟಾಕಿಯಿಂದ ಪೆಟ್ರೋಲು ಬರುತ್ತದೆ. ಅದನ್ನು ಮುಂದಕ್ಕೆ ತಳ್ಳುವುದು ಮಾತ್ರ ಲಿವರಲ್ಲ, ಡಯಾಫ್ರಮ್ಮಿನ ಕೆಳಗಿನ ಸ್ಪ್ರಿಂಗು. ಕಾರ್ಬ್ಯುರೇಟರಿನ ಸೂಜಿ ಮುಚ್ಚಿದರೆ ಸ್ಪ್ರಿಂಗು ಒತ್ತಿಕೊಂಡೇ ಉಳಿಯುತ್ತದೆ, ಲಿವರು ಬರಿದೆ ಆಡುತ್ತದೆ. ಒತ್ತಡ ಎಷ್ಟೆಂಬುದನ್ನು ಆ ಸ್ಪ್ರಿಂಗೇ ತೀರ್ಮಾನಿಸುತ್ತದೆ. ಆದ್ದರಿಂದ ರಿಪೇರಿ ಕಿಟ್ ಹಾಕಿಸುವಾಗ ಬೇರೆ ಪಂಪಿನ ಸ್ಪ್ರಿಂಗು ಸೇರಿಸಲು ಬಿಡಬೇಡಿ. ಪಂಪಿನ ಬುಡದ ಪ್ಯಾಕಿಂಗಿನ ದಪ್ಪವೂ ಮೊದಲಿನಷ್ಟೇ ಇರಬೇಕು. ದಪ್ಪವಾದರೆ ಲಿವರಿನ ಎಳೆತ ಕಡಿಮೆಯಾಗಿ ಪೆಟ್ರೋಲೇ ಏರುವುದಿಲ್ಲ. ಇಂಜಿನ್ನು ನಿಂತರೆ ಪಂಪೂ ನಿಲ್ಲುತ್ತದೆ. ಗಾಡಿ ಮಗುಚಿ ಬಿದ್ದಾಗ ಜೀವ ಉಳಿಸುವ ಗುಣ ಅದು.

ಆದರೂ ಜನ ಇದನ್ನು ಬಿಟ್ಟು ಕರೆಂಟಿನ ಪಂಪು ಹಾಕಿಸಲು ಹೊರಡುವುದು ಯಾಕೆಂದರೆ, ಬೇಸಿಗೆಯಲ್ಲಿ ಗಾಡಿ ನಿಲ್ಲುತ್ತದೆ. ಸೊಲ್ಲಾಪುರದ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಬಾನೆಟ್ಟಿನ ಕೆಳಗೆ, ಅದರಲ್ಲೂ ಗಾಡಿ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ, ಶಾಖ ಅದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿಯ ಸುಮಾರಿಗೇ ಕುದಿಯಲು ತೊಡಗುತ್ತವೆ. ಪಂಪು ಹೀರುವ ಕಡೆಯ ಪೈಪಿನಲ್ಲಿ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ಕುದಿತ ಇನ್ನೂ ಬೇಗ. ಪೈಪಿನಲ್ಲಿ ಆವಿ ತುಂಬಿತೆಂದರೆ ಡಯಾಫ್ರಮ್ಮು ಎಳೆಯುವುದು ಬರೀ ಆವಿಯನ್ನು. ‘ಹವಾ ಹಿಡದದ್ರಿ’ ಎಂದು ಮಿಸ್ತ್ರಿ ಹೇಳುವುದು ಇದನ್ನೇ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಕಾಯುತ್ತಾರೆ, ಗಾಡಿ ಚಾಲೂ ಆಗುತ್ತದೆ.

ಆದರೆ ಬಿಸಿಲಲ್ಲಿ ನಿಂತ ಪ್ರತಿ ಗಾಡಿಯೂ ಹವಾ ಹಿಡಿದದ್ದಲ್ಲ. ನಮ್ಮ ಜೀಪು ಒಂದು ಬೇಸಿಗೆಯಿಡೀ ಎಂಟು ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲುತ್ತಿತ್ತು. ‘ಕಾಕಾ, ಪಂಪ್ ಹೋಗ್ಯದ’ ಎಂದ ಗ್ಯಾರೇಜಿನ ಹುಡುಗನ ಮಾತು ಕೇಳಿ ಪಂಪು ಬದಲಿಸಿದೆವು, ಹಾಗೇ ನಿಂತಿತು. ಕೊನೆಗೆ ನೋಡಿದರೆ ಟಾಕಿಯ ಮುಚ್ಚಳದ ಗಾಳಿಕಿಂಡಿ ಎರೆಹುಡಿಯಿಂದ ಕಟ್ಟಿತ್ತು. ಪೆಟ್ರೋಲು ಖಾಲಿಯಾದಂತೆ ಒಳಗೆ ಗಾಳಿ ಬರದೆ ಟಾಕಿಯೇ ಪೆಟ್ರೋಲನ್ನು ಹಿಡಿದಿಟ್ಟುಕೊಂಡಿತ್ತು. ಇದರ ಪರೀಕ್ಷೆ ಸುಲಭ: ಗಾಡಿ ನಿಂತ ಕೂಡಲೇ ಟಾಕಿಯ ಮುಚ್ಚಳ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ತಪ್ಪು ಮುಚ್ಚಳದ್ದು. ಆಮೇಲೆ ನೋಡಬೇಕಾದ್ದು ಡಿಪ್‌ಸ್ಟಿಕ್. ಎಣ್ಣೆ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ, ಅಥವಾ ಪಂಪಿನ ಹೊಟ್ಟೆಯ ಸಣ್ಣ ತೂತಿನಿಂದ ಪೆಟ್ರೋಲ್ ಜಿನುಗುತ್ತಿದ್ದರೆ, ಡಯಾಫ್ರಮ್ ಹರಿದಿದೆ. ಆಗ ಗಾಡಿ ಓಡಿಸಬಾರದು, ಇಂಜಿನ್ ಆಯಿಲನ್ನೂ ಬದಲಿಸಬೇಕು. ಕೆಲವರು ಬಾನೆಟ್ಟಿನ ಮೇಲೆ ಪೆಟ್ರೋಲ್ ಬಾಟಲಿ ಕಟ್ಟಿ ನೇರ ಕಾರ್ಬ್ಯುರೇಟರಿಗೆ ಬಿಟ್ಟು ಓಡಿಸುತ್ತಾರೆ. ಒಂದು ಮೀಟರ್ ಎತ್ತರದ ಪೆಟ್ರೋಲು ಒಂದು ಪಿಎಸ್‌ಐನಷ್ಟು ಒತ್ತಡ ಕೊಡುವುದರಿಂದ ಗಾಡಿ ಓಡುತ್ತದೆ ನಿಜ. ಬಿಸಿ ಇಂಜಿನ್ನಿನ ಮೇಲೆ ಬಾಟಲಿ ಒಡೆದರೆ ಆಗುವುದನ್ನು ನೆನೆದು ಆ ಕೆಲಸ ಬಿಡಬೇಕು.

ಜಿಪ್ಸಿಯವರಿಗೆ ಇನ್ನೊಂದು ಮಾತು. ಅದರ ಪಂಪಿಗೆ ಮೂರು ನಿಪ್ಪಲ್ಲುಗಳಿವೆ: ಒಂದು ಟಾಕಿಯಿಂದ ಬರುವುದು, ಒಂದು ಕಾರ್ಬ್ಯುರೇಟರಿಗೆ ಹೋಗುವುದು, ಮೂರನೆಯದು ಟಾಕಿಗೆ ಮರಳುವುದು. ಹೆಚ್ಚಾದ ಪೆಟ್ರೋಲು ಮೂರನೆಯದರ ಮೂಲಕ ಹಿಂದಿರುಗುತ್ತ ಇರುವುದರಿಂದ ಪಂಪಿಗೆ ತಣ್ಣನೆಯ ಪೆಟ್ರೋಲು ಬರುತ್ತಿರುತ್ತದೆ, ಆವಿಯೂ ಹೊರಟುಹೋಗುತ್ತದೆ. ‘ಇದ್ಯಾಕ ಬೇಕು’ ಎಂದು ಅದಕ್ಕೆ ಬೂಚು ಬಡಿದ ಗಾಡಿಗಳೇ ಬೇಸಿಗೆಯಲ್ಲಿ ಹೆಚ್ಚು ನಿಲ್ಲುವುದು. ಎರಡು ನಿಪ್ಪಲ್ಲಿನ ಪಂಪನ್ನು ಇದರ ಜಾಗದಲ್ಲಿ ಹಾಕಿಸಬೇಡಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಬಿಸಿಲಿಗೆ ನಿಲ್ಲುವ ಗಾಡಿಗೆ, ಇಲ್ಲವೇ ಸರಿಯಾದ ಮೆಕ್ಯಾನಿಕಲ್ ಪಂಪು ಸಿಗದೇ ಹೋದ ಗಾಡಿಗೆ, ಕರೆಂಟಿನ ಪಂಪು ಹಾಕಿಸಬಹುದು. ಡಬ್ಬಿಯ ಮೇಲೆ ಒತ್ತಡ ಬರೆದಿರಲೇಬೇಕು, ಬರೆದಿಲ್ಲದ್ದನ್ನು ಕೊಳ್ಳಬೇಡಿ. ಒಂದೂವರೆಯಿಂದ ನಾಲ್ಕು ಪಿಎಸ್‌ಐ ಎಂದಿರುವುದು ಉತ್ತಮ. ನಾಲ್ಕರಿಂದ ಏಳರದ್ದು ಮಾತ್ರ ಸಿಕ್ಕಿದರೆ ಅದಕ್ಕೆ ಪ್ರೆಶರ್ ರೆಗ್ಯುಲೇಟರ್ ಸೇರಿಸಬೇಕು. ಟಿಕ್ ಟಿಕ್ ಎಂದು ಬಡಿಯುವ ಸಾಲಿನಾಯ್ಡ್ ಪಂಪು ನಮ್ಮ ಗಾಡಿಗಳಿಗೆ ಒಳ್ಳೆಯ ಜೋಡಿ. ಬಟ್ಟಲು ತುಂಬಿದರೆ ಬಡಿತ ನಿಧಾನವಾಗುತ್ತದೆ. ಗಾಡಿ ನಿಂತಿದ್ದಾಗಲೂ ಬಡಬಡ ಹೊಡೆದುಕೊಳ್ಳುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಟಾಕಿ ಖಾಲಿ ಎಂದು ಕಿವಿಗೇ ತಿಳಿಯುತ್ತದೆ.

ಕೂರಿಸುವ ಜಾಗ ಪಂಪಿಗಿಂತಲೂ ಮುಖ್ಯ. ಈ ಪಂಪುಗಳು ಚೆನ್ನಾಗಿ ತಳ್ಳುತ್ತವೆ, ಎಳೆಯುವುದರಲ್ಲಿ ಬಡವು. ಟಾಕಿಯ ಹತ್ತಿರ, ಆದಷ್ಟು ಟಾಕಿಯ ತಳದ ಮಟ್ಟಕ್ಕೆ, ಚಾಸಿಯ ಒಳಮಗ್ಗುಲಲ್ಲಿ, ಕಲ್ಲು ಬಡಿಯದ ಹಾಗೆ ರಬ್ಬರಿನ ಮೇಲೆ ಕೂರಿಸಬೇಕು. ಸೈಲೆನ್ಸರಿನ ಕಡೆ ಬೇಡ. ಹಳ್ಳ ದಾಟುವ ಗಾಡಿಯಾದರೆ ವೈರಿನ ಜೋಡಣೆಗಳನ್ನು ಮೇಲಕ್ಕೆ ತಂದು ಕಟ್ಟಬೇಕು. ಹಳೆಯ ಮೆಕ್ಯಾನಿಕಲ್ ಪಂಪಿನ ಮೂಲಕವೇ ಹೊಸ ಪಂಪಿನ ಪೆಟ್ರೋಲನ್ನು ಹಾಯಿಸುವುದು ದೊಡ್ಡ ತಪ್ಪು. ಅದರ ಡಯಾಫ್ರಮ್ಮು ಹರಿದ ದಿನ ಕರೆಂಟಿನ ಪಂಪು ಇಡೀ ಟಾಕಿಯನ್ನು ಇಂಜಿನ್ ಆಯಿಲಿಗೆ ಸುರಿಯುತ್ತದೆ. ಹಳೆಯದನ್ನು ಬಿಚ್ಚಿ ಆ ಬಾಯಿಗೆ ಪ್ಯಾಕಿಂಗ್ ಸಮೇತ ಪ್ಲೇಟು ಬಿಗಿಯಬೇಕು. ಕೆಲವು ಹಳೆಯ ಜೀಪುಗಳಲ್ಲಿ ವೈಪರಿಗೆ ಬೇಕಾದ ವ್ಯಾಕ್ಯೂಮ್ ಕೂಡ ಅದೇ ಪಂಪಿನ ಇನ್ನೊಂದು ಅಂತಸ್ತಿನಿಂದ ಬರುತ್ತದೆ, ಅದನ್ನು ನೋಡಿಕೊಂಡೇ ಬಿಚ್ಚಬೇಕು.

ವೈರನ್ನು ಇಗ್ನಿಷನ್ನಿನಿಂದ ನೇರ ಎಳೆಯುವುದು ಎಲ್ಲರೂ ಮಾಡುವ ಕೆಲಸ, ನಾನು ಅದನ್ನು ಒಪ್ಪುವುದಿಲ್ಲ. ಗಾಡಿ ಮಗುಚಿ ಇಂಜಿನ್ ನಿಂತರೂ ಚಾವಿ ಚಾಲೂ ಇರುವಷ್ಟು ಹೊತ್ತು ಪಂಪು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಫ್ಯೂಸು, ರಿಲೇ, ಜೊತೆಗೆ ಆಯಿಲ್ ಪ್ರೆಶರ್ ಇಲ್ಲದಿದ್ದರೆ ಕರೆಂಟು ಕಡಿಯುವ ಸ್ವಿಚ್ಚು, ಇಷ್ಟಕ್ಕೆ ಖರ್ಚು ಮಾಡಲು ಮನಸ್ಸಿಲ್ಲದವರು ಮೆಕ್ಯಾನಿಕಲ್ ಪಂಪಿನಲ್ಲೇ ಇರಲಿ.

ಫಿಲ್ಟರಿನ ವಿಷಯಕ್ಕೆ ಬಂದರೆ, ಹಳೆಯ ಜೀಪಿನ ಪಂಪಿಗಿದ್ದ ಗಾಜಿನ ಬಟ್ಟಲನ್ನು ಕಿತ್ತೆಸೆದದ್ದು ನಮ್ಮ ಗ್ಯಾರೇಜುಗಳು ಮಾಡಿದ ಅನ್ಯಾಯ. ಕಾಗದದ ಫಿಲ್ಟರು ಕಚರಾ ಹಿಡಿಯುತ್ತದೆ, ನೀರನ್ನು ತಡೆಯುವುದಿಲ್ಲ. ಗಾಜಿನ ಬಟ್ಟಲಲ್ಲಿ ನೀರು ಭಾರವಾದ್ದರಿಂದ ತಳಕ್ಕೆ ಇಳಿದು ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಚೆಲ್ಲಿದರೆ ಆಯಿತು. ಅದು ಇದ್ದರೆ ಇಟ್ಟುಕೊಳ್ಳಿ, ಕಾರ್ಕಿನ ಪ್ಯಾಕಿಂಗು ಮಾತ್ರ ಹೊಸದು ಹಾಕಿಸಿ. ಅದರ ಜೊತೆಗೆ ಕಾಗದದ ಇನ್‌ಲೈನ್ ಫಿಲ್ಟರು ಬೇಕು. ಮೆಕ್ಯಾನಿಕಲ್ ಪಂಪಾದರೆ ಟಾಕಿಗೂ ಪಂಪಿಗೂ ನಡುವೆ ದೊಡ್ಡ ಮೈಯ ಒಂದು ಫಿಲ್ಟರು ಸಾಕು. ಕರೆಂಟಿನ ಪಂಪಾದರೆ ಎರಡು: ಪಂಪಿನ ಮುಂಚೆ ದಪ್ಪ ಜಾಲರಿಯದು, 70ರಿಂದ 100 ಮೈಕ್ರಾನಿನದ್ದು; ಪಂಪು ದಾಟಿದ ಮೇಲೆ 10–20 ಮೈಕ್ರಾನಿನ ಸಣ್ಣದು. ಅದಲುಬದಲು ಮಾಡಿದರೆ ಸಣ್ಣ ಫಿಲ್ಟರು ಕಟ್ಟಿದಾಗ ಪಂಪು ಎಳೆದು ಎಳೆದು ಸಾಯುತ್ತದೆ, ಹವಾ ಹಿಡಿಯುವುದೂ ಹೆಚ್ಚಾಗುತ್ತದೆ. ಮೈಮೇಲಿನ ಬಾಣ ಕಾರ್ಬ್ಯುರೇಟರಿನ ಕಡೆ ಇರಲಿ. ಪಾರದರ್ಶಕ ಫಿಲ್ಟರು ಅರ್ಧ ಖಾಲಿ ಕಂಡರೆ ಗಾಬರಿ ಬೇಡ, ಅದು ಸಹಜ.

ಈಗ ಎಲ್ಲಕ್ಕಿಂತ ಹೊಸ ತೊಡಕು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದೇ. ಭೀಮಾ ದಂಡೆಯ ರೈತನಿಗೆ ಇದರಲ್ಲಿ ಲಾಭವಿದೆ, ಅವನ ಕಬ್ಬಿನಿಂದಲೂ ಎಥನಾಲ್ ಬರುತ್ತದೆ. ಆದರೆ ಅದೇ ರೈತನ ಹಳೆಯ ಜೀಪನ್ನು ಮಾಡುವಾಗ ಇಂಥ ಪೆಟ್ರೋಲು ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ, ಗಾಳಿಯ ತೇವ ಹೀರುತ್ತದೆ, ಟಾಕಿಯ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಮೇಣದಂಥ ಕೊಳೆಯನ್ನು ಬಿಡಿಸುತ್ತದೆ. ಬಿಟ್ಟ ಕೊಳೆ ನೇರ ಫಿಲ್ಟರಿಗೆ. ಬೆರೆತ ಪೆಟ್ರೋಲು ಬೇಗ ಆವಿಯಾಗುವುದರಿಂದ ಬೇಸಿಗೆಯ ಕಾಟವೂ ಏರುತ್ತದೆ. ಆದ್ದರಿಂದ ಬಹಳ ದಿನ ನಿಂತಿದ್ದ ಗಾಡಿಗೆ ಮೊದಲು ಟಾಕಿ ಇಳಿಸಿ ತೊಳೆಸಿ. ಆಮೇಲಿನ ಮೂರು ನಾಲ್ಕು ತಿಂಗಳು ತಿಂಗಳಿಗೊಂದು ಫಿಲ್ಟರು ಬದಲಿಸಿ. ಅದರ ಬೆಲೆ ಅರ್ಧ ದಿನದ ಕೂಲಿಗಿಂತ ಕಡಿಮೆ. ಅಂಗಡಿಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಕೂತ ‘ಒರಿಜಿನಲ್’ ಡಯಾಫ್ರಮ್ಮಿಗೆ ಮರುಳಾಗಬೇಡಿ, ಇ20ಗೆ ತಾಳುತ್ತದೆಂದು ಬರೆದಿರುವ ಹೊಸದೇ ಬೇಕು. ಪೈಪಿಗೂ ಇದೇ ಮಾತು. ಔಷಧಿ ಹೊಡೆಯುವ ಪಂಪಿನ ಪ್ಲಾಸ್ಟಿಕ್ ಪೈಪನ್ನು ತಂತಿಯಿಂದ ಬಿಗಿದ ಜೀಪುಗಳನ್ನು ನಾನು ಕಂಡಿದ್ದೇನೆ. ಅದು ಗಟ್ಟಿಯಾಗಿ ಸೀಳುವುದು ಒಂದೇ ಬೇಸಿಗೆಯ ಕೆಲಸ. ಪೆಟ್ರೋಲಿಗೆಂದೇ ಮಾಡಿದ ಹೋಸು, ಅದಕ್ಕೆ ಸ್ಕ್ರೂ ಕ್ಲಿಪ್ಪು.

ಸೊಲ್ಲಾಪುರಕ್ಕೆ ಸಾಮಾನು ತರಲು ಹೋಗುವ ದಿನ ಹಳೆಯ ಪಂಪನ್ನು ಬಿಚ್ಚಿ, ಪೆಟ್ರೋಲ್ ಚೆಲ್ಲಿ ಒಣಗಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸದರ ಪಕ್ಕ ಇಟ್ಟು ಲಿವರಿನ ಉದ್ದ, ಬೋಲ್ಟಿನ ಅಂತರ, ನಿಪ್ಪಲ್ಲುಗಳ ಸಂಖ್ಯೆ ಒಂದೊಂದಾಗಿ ತಾಳೆ ನೋಡಿದ ಮೇಲೆಯೇ ದುಡ್ಡು ಕೊಡಿ.