ಮಲಗುವ ಕೋಣೆಯಲ್ಲಿ ಬಿಡಿಸಿದ ಒಗಟು

1940ನೆಯ ಇಸವಿ. ಯೂರೋಪನ್ನು ಆವರಿಸಿದ್ದ ಮಹಾಯುದ್ಧಕ್ಕೆ ಇಟಲಿಯೂ ಧುಮುಕಿತ್ತು. ಆ ದೇಶದ ಟ್ಯೂರಿನ್ ನಗರದ ಒಂದು ಮನೆಯ ಚಿಕ್ಕ ಮಲಗುವ ಕೋಣೆಯಲ್ಲಿ ಮೂವತ್ತೊಂದು ವರ್ಷದ ತರುಣಿಯೊಬ್ಬಳು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಳಗೆ ಆಗತಾನೆ ರೂಪುಗೊಳ್ಳುತ್ತಿದ್ದ ಮರಿಯ ಪಿಂಡವನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡುತ್ತಿದ್ದಳು. ಆಕೆಯ ಕೈಯಲ್ಲಿದ್ದ ಶಸ್ತ್ರ ಹೊಲಿಗೆಯ ಸೂಜಿ. ಕಲ್ಲಿನ ಮೇಲೆ ಮಸೆದು ಮಸೆದು ಕತ್ತಿಯಂತೆ ಹರಿತಗೊಳಿಸಿದ ಸೂಜಿ. ಇಕ್ಕಳವೋ, ಗಡಿಯಾರ ರಿಪೇರಿ ಮಾಡುವವರದು. ಯುದ್ಧಕಾಲದಲ್ಲಿ ಮೊಟ್ಟೆಯೂ ದುರ್ಲಭ. ಆದುದರಿಂದ ಪ್ರಯೋಗ ಮುಗಿದ ಮೇಲೆ ಉಳಿದ ಹಳದಿಯ ಭಾಗ ವ್ಯರ್ಥವಾಗದೆ ಅಡಿಗೆಮನೆಗೆ ಹೋಗುತ್ತಿತ್ತು.

ಈಕೆ ರೀಟಾ ಲೆವಿ-ಮೊಂಟಾಲ್ಚಿನಿ. ಈ ಬಡ ಸಾಮಗ್ರಿಯಿಂದ ಆಕೆ ಬಿಡಿಸಲು ಹೊರಟಿದ್ದ ಒಗಟು ಮಾತ್ರ ಬಹು ದೊಡ್ಡದು: ಶರೀರದ ನರಗಳು ತಮ್ಮ ಗುರಿಯನ್ನು ಹೇಗೆ ಸೇರುತ್ತವೆ? ಸೇರಿದ ಮೇಲೆ ಅವನ್ನು ಬದುಕಿಸುವುದು ಯಾವುದು?

ನಿಷೇಧದ ನೆರಳಿನಲ್ಲಿ

ರೀಟಾ ಹುಟ್ಟಿದ್ದು 1909ರಲ್ಲಿ, ಟ್ಯೂರಿನ್ನಿನ ಒಂದು ಯಹೂದಿ ಮನೆತನದಲ್ಲಿ. ತಂದೆ ಇಂಜಿನಿಯರು, ಹೆಣ್ಣುಮಕ್ಕಳಿಗೆ ಮದುವೆ ಮಕ್ಕಳೇ ಬಾಳು, ವಿಶ್ವವಿದ್ಯಾನಿಲಯದ ವ್ಯಾಸಂಗ ಸಲ್ಲದು ಎಂದು ನಂಬಿದ್ದವನು. ಆದರೆ ತನ್ನನ್ನು ಎತ್ತಿ ಆಡಿಸಿದ್ದ ಮನೆಯ ದಾದಿ ಕ್ಯಾನ್ಸರಿಗೆ ತುತ್ತಾದುದನ್ನು ಕಂಡ ರೀಟಾ ವೈದ್ಯೆಯಾಗುವೆನೆಂದು ಹಠ ತೊಟ್ಟಳು. ತಂದೆ ಕೊನೆಗೆ ಒಪ್ಪಿದನು. ಲ್ಯಾಟಿನ್, ಗ್ರೀಕ್, ಗಣಿತಗಳಲ್ಲಿ ಆಗಬೇಕಾಗಿದ್ದ ವ್ಯಾಸಂಗವನ್ನು ಆಕೆ ಎಂಟೇ ತಿಂಗಳಲ್ಲಿ ಮುಗಿಸಿ ವೈದ್ಯಕೀಯ ಶಾಲೆಯನ್ನು ಸೇರಿದಳು, 1936ರಲ್ಲಿ ಪದವೀಧರೆಯಾದಳು.

ಎರಡೇ ವರ್ಷಗಳಲ್ಲಿ ಸಿಡಿಲು ಎರಗಿತು. 1938ರಲ್ಲಿ ಮುಸೊಲಿನಿಯ ಸರಕಾರ ಜನಾಂಗ ಕಾನೂನುಗಳನ್ನು ಜಾರಿಗೆ ತಂದು ಯಹೂದಿಗಳನ್ನು ವಿಶ್ವವಿದ್ಯಾನಿಲಯಗಳಿಂದ ಹೊರಗೆ ಹಾಕಿತು. ರೀಟಾ ಕೆಲಕಾಲ ಬೆಲ್ಜಿಯಮಿನಲ್ಲಿ ಕೆಲಸ ಮಾಡಿ, ಜರ್ಮನ್ ಸೇನೆ ಅಲ್ಲಿಗೆ ನುಗ್ಗುವ ಮುನ್ನ ಊರಿಗೆ ಮರಳಿದಳು. ಹೊರಗೆ ಬಾಗಿಲು ಮುಚ್ಚಿದಾಗ ಮನೆಯ ಕೋಣೆಯೇ ಪ್ರಯೋಗಶಾಲೆಯಾಯಿತು. ಅದೇ ಕಾನೂನಿನಿಂದ ಹುದ್ದೆ ಕಳೆದುಕೊಂಡಿದ್ದ ಆಕೆಯ ವೃದ್ಧ ಗುರು ಜ್ಯುಸೆಪ್ಪೆ ಲೆವಿ ಅಲ್ಲಿಗೆ ಬಂದು, ಶಿಷ್ಯೆಗೆ ತಾನೇ ಸಹಾಯಕನಾಗಿ ನಿಂತನು.

ಹುಟ್ಟಲಿಲ್ಲವೋ, ಹುಟ್ಟಿ ಸತ್ತವೋ?

ರೀಟಾಳನ್ನು ಈ ದಾರಿಗೆ ಎಳೆದದ್ದು ಅಮೆರಿಕೆಯಲ್ಲಿ ನೆಲಸಿದ್ದ ಜರ್ಮನ್ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಕೋಳಿಯ ಪಿಂಡದಲ್ಲಿ ರೆಕ್ಕೆಯ ಮೊಗ್ಗು ಮೂಡುತ್ತಿರುವಾಗಲೇ ಅದನ್ನು ಕತ್ತರಿಸಿ ತೆಗೆದರೆ, ಆ ರೆಕ್ಕೆಗೆ ನರಗಳನ್ನು ಕಳುಹಿಸಬೇಕಾಗಿದ್ದ ಬೆನ್ನುಹುರಿಯ ಬಳಿಯ ನರಗಂಟುಗಳು ಸೊರಗಿಹೋಗುತ್ತವೆ. ಅವುಗಳಲ್ಲಿ ನರಕೋಶಗಳ ಸಂಖ್ಯೆ ಬಹಳ ಕಡಮೆಯಾಗುತ್ತದೆ. ಹ್ಯಾಂಬರ್ಗರ್ ಇದಕ್ಕೆ ಕೊಟ್ಟ ವಿವರಣೆ ಸರಳವಾಗಿತ್ತು. ಎಳೆಯ ಕೋಶಗಳಿಗೆ ‘ನೀವು ನರಕೋಶಗಳಾಗಿರಿ’ ಎಂಬ ಅಪ್ಪಣೆ ರೆಕ್ಕೆಯಿಂದ ಬರುತ್ತದೆ. ರೆಕ್ಕೆಯೇ ಇಲ್ಲದಾಗ ಅಪ್ಪಣೆಯಿಲ್ಲ, ಆದುದರಿಂದ ನರಕೋಶಗಳೂ ಹುಟ್ಟುವುದಿಲ್ಲ.

ರೀಟಾ ಅದೇ ಪ್ರಯೋಗವನ್ನು ಮಾಡಿದಳು. ಆದರೆ ಕೊನೆಯ ಫಲವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ದಿನದಿನದ ಪಿಂಡಗಳನ್ನೂ ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ, ಕೋಶಗಳನ್ನು ಎಣಿಸಿದಳು. ಆಗ ಬೇರೊಂದು ಕಥೆ ಹೊರಬಿತ್ತು. ನರಕೋಶಗಳು ಎಂದಿನಂತೆಯೇ ಹುಟ್ಟಿದ್ದುವು. ಎಂದಿನಂತೆಯೇ ತಂತುಗಳನ್ನು ಚಾಚಿ, ರೆಕ್ಕೆಯಿರಬೇಕಾಗಿದ್ದ ಎಡೆಯ ತನಕ ಹೋಗಿದ್ದುವು. ಅಲ್ಲಿ ತಮ್ಮನ್ನು ಬರಮಾಡಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿದ ಮೇಲೆಯೋ ಎಂಬಂತೆ ಒಂದೊಂದಾಗಿ ಸಾಯತೊಡಗಿದ್ದುವು.

ಹುಟ್ಟಲಿಲ್ಲ ಎಂಬುದಕ್ಕೂ ಹುಟ್ಟಿ ಸತ್ತಿತು ಎಂಬುದಕ್ಕೂ ಇರುವ ಅಂತರ ಅಲ್ಪವೆಂದು ತೋರಬಹುದು. ಆದರೆ ಇಡೀ ಒಗಟಿನ ಬೀಗದಕೈ ಅದರಲ್ಲಿಯೇ ಇತ್ತು. ಕೋಶ ಸತ್ತಿತೆಂದರೆ ಅದನ್ನು ಬದುಕಿಸತಕ್ಕದ್ದು ಏನೋ ಒಂದು ದೊರೆಯದೆ ಹೋಯಿತು ಎಂದರ್ಥವಲ್ಲವೆ? ಹಾಗಾದರೆ ಆ ‘ಏನೋ ಒಂದು’ ಯಾವುದು?

ಯಹೂದಿಗಳ ಲೇಖನವನ್ನು ಇಟಲಿಯ ಪತ್ರಿಕೆಗಳು ಮುದ್ರಿಸುವಂತಿರಲಿಲ್ಲವಾಗಿ, ಗುರುಶಿಷ್ಯರ ಪ್ರಬಂಧ 1942ರಲ್ಲಿ ಬೆಲ್ಜಿಯಮಿನ ಪತ್ರಿಕೆಯಲ್ಲಿ ಬೆಳಕು ಕಂಡಿತು. ಟ್ಯೂರಿನ್ನಿನ ಮೇಲೆ ಬಾಂಬುಗಳ ಮಳೆ ಹೆಚ್ಚಿದಾಗ ಕುಟುಂಬ ಹಳ್ಳಿಗೆ ಹೋಯಿತು. ಸೂಜಿ, ಸೂಕ್ಷ್ಮದರ್ಶಕಗಳೂ ಜೊತೆಗೆ ಹೋದುವು. 1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿದಾಗ ಎಲ್ಲರೂ ಫ್ಲಾರೆನ್ಸಿಗೆ ಓಡಿ ತಲೆಮರೆಸಿಕೊಂಡರು. ಆ ನಗರ ಬಿಡುಗಡೆಯಾದ ಮೇಲೆ ರೀಟಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯೆಯಾಗಿ ದುಡಿದು, ಸಾಂಕ್ರಾಮಿಕ ಜ್ವರಗಳಿಂದ ಜನ ಸಾಯುವುದನ್ನು ಕಣ್ಣಾರೆ ಕಂಡಳು.

ಕೈಚೀಲದಲ್ಲಿ ಎರಡು ಇಲಿಗಳು

ಯುದ್ಧ ಮುಗಿಯಿತು. ತನ್ನ ವಿವರಣೆಯನ್ನು ಅಲ್ಲಗಳೆದ ಆ ಪ್ರಬಂಧ ಹ್ಯಾಂಬರ್ಗರನ ಕಣ್ಣಿಗೆ ಬಿತ್ತು. ಆತ ಮುನಿಯಲಿಲ್ಲ, ಬದಲಾಗಿ ಲೇಖಕಿಯನ್ನೇ ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯಕ್ಕೆ ಆಹ್ವಾನಿಸಿದನು. ಕೆಲವು ತಿಂಗಳು ಇದ್ದು ಬರುವೆನೆಂದು 1947ರಲ್ಲಿ ಹೊರಟವಳು ಅಲ್ಲಿ ಮೂವತ್ತು ವರ್ಷ ದುಡಿದಳು. ಇಬ್ಬರೂ ಕೂಡಿ ಮತ್ತೆ ಪರೀಕ್ಷಿಸಿದಾಗ ರೀಟಾಳ ಮಾತೇ ನಿಜವಾಯಿತು. ಅಷ್ಟೇ ಅಲ್ಲ, ಯಾವ ಶಸ್ತ್ರವೂ ತಾಕದ ಆರೋಗ್ಯವಂತ ಪಿಂಡದಲ್ಲಿಯೂ ನರಕೋಶಗಳು ರಾಶಿರಾಶಿಯಾಗಿ ಹುಟ್ಟಿ ಸಾಯುತ್ತವೆಂದು 1949ರಲ್ಲಿ ಅವರು ತೋರಿಸಿಕೊಟ್ಟರು.

ಬದುಕಿಸುವ ವಸ್ತುವಿನ ಸುಳಿವು ದೊರೆತದ್ದು ಎಣಿಸದ ಎಡೆಯಲ್ಲಿ. ಹ್ಯಾಂಬರ್ಗರನ ಹಳೆಯ ಶಿಷ್ಯ ಎಲ್ಮರ್ ಬ್ಯೂಕರ್ ಇಲಿಯ ಕ್ಯಾನ್ಸರ್ ಗೆಡ್ಡೆಯ ತುಣುಕನ್ನು ಕೋಳಿಯ ಪಿಂಡಕ್ಕೆ ಕಸಿ ಮಾಡಿದಾಗ, ಮರಿಯ ನರತಂತುಗಳು ಆ ಗೆಡ್ಡೆಯೊಳಕ್ಕೆ ನುಗ್ಗಿದ್ದುವು. ರೀಟಾ ಇನ್ನೊಂದು ಹೆಜ್ಜೆ ಮುಂದಿಟ್ಟಳು: ಗೆಡ್ಡೆಯನ್ನು ಪಿಂಡಕ್ಕೆ ತಾಕದಂತೆ ಹೊರಗಣ ಪೊರೆಯ ಮೇಲೆ ಇಟ್ಟು ನೋಡಿದಳು. ಆಗಲೂ ನರಗಳು ಅಡವಿಯಂತೆ ಬೆಳೆದುವು! ಸ್ಪರ್ಶವಿಲ್ಲದೆಯೇ ಪರಿಣಾಮವಾಗಬೇಕಾದರೆ ಗೆಡ್ಡೆಯಿಂದ ಯಾವುದೋ ರಸವಸ್ತು ಹರಿದುಬರುತ್ತಿರಲೇಬೇಕು.

ಅದನ್ನು ಖಚಿತಪಡಿಸಿಕೊಳ್ಳಲು ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಬೇಕಾಗಿತ್ತು. ಅದರಲ್ಲಿ ಪಳಗಿದ ಗೆಳತಿ ಹೆರ್ತಾ ಮೇಯರ್ ಇದ್ದುದು ಬ್ರೆಜಿಲಿನ ರಿಯೋ ಡಿ ಜನೈರೋ ನಗರದಲ್ಲಿ. 1952ರಲ್ಲಿ ರೀಟಾ ಗೆಡ್ಡೆಯುಳ್ಳ ಎರಡು ಇಲಿಗಳನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನವೇರಿದಳು. ಅಲ್ಲಿ ಗೆಡ್ಡೆಯ ತುಣುಕಿನ ಬಳಿ ನರಗಂಟನ್ನಿಟ್ಟಾಗ, ಒಂದೇ ದಿನದಲ್ಲಿ ಅದರ ಸುತ್ತಲೂ ತಂತುಗಳು ಸೂರ್ಯನ ಕಿರಣಗಳಂತೆ ಹರಡಿ ನಿಂತುವು.

ಮರುವರ್ಷ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ ಸೇಂಟ್ ಲೂಯಿಸಿನಲ್ಲಿ ಈ ಕೆಲಸಕ್ಕೆ ಸೇರಿದನು. ಗೆಡ್ಡೆಯ ರಸದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲಗಳನ್ನು ಒಡೆಯಲೆಂದು ಅದಕ್ಕೆ ಆತ ಹಾವಿನ ವಿಷವನ್ನು ಬೆರೆಸಿದಾಗ, ನರಗಳು ಹಿಂದೆಂದಿಗಿಂತಲೂ ಹುಲುಸಾಗಿ ಬೆಳೆದುವು. ವಿಷದಲ್ಲಿಯೇ ಆ ವಸ್ತು ಹೇರಳವಾಗಿತ್ತು! ಹಾವಿನ ವಿಷಗ್ರಂಥಿ ಜೊಲ್ಲುಗ್ರಂಥಿಯ ಬಗೆಯದೇ ಅಲ್ಲವೆ ಎಂದು ಇಲಿಯ ಜೊಲ್ಲುಗ್ರಂಥಿಯನ್ನು ಶೋಧಿಸಿದರೆ, ಅಲ್ಲಿಯೂ ಅದರ ಗಣಿ ಸಿಕ್ಕಿತು. ಅದೊಂದು ಪ್ರೋಟೀನು, ನರ್ವ್ ಗ್ರೋತ್ ಫ್ಯಾಕ್ಟರ್, ಎಂದರೆ ನರವರ್ಧಕ. ಈ ವಸ್ತುವಿಗೆ ಮಾರಕವಾದ ಪ್ರತಿವಸ್ತುವನ್ನು ಹಸುಳೆ ಇಲಿಗಳಿಗೆ ಚುಚ್ಚಿದಾಗ, ಹೃದಯ ಕರುಳುಗಳನ್ನು ನಮ್ಮ ಅರಿವಿಲ್ಲದೆ ನಡೆಸುವ ನರಗಳ ಒಂದು ವರ್ಗ ಬಹುಮಟ್ಟಿಗೆ ಅಳಿಸಿಯೇಹೋಯಿತು. ನರವರ್ಧಕವು ಬರಿಯ ಗೊಬ್ಬರವಲ್ಲ, ಪ್ರಾಣಾಧಾರ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ತುದಿಯಿಂದ ಬುಡಕ್ಕೆ ಓಲೆ

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬುದು ಗಾದೆ. ನರಕೋಶಗಳ ಲೋಕದಲ್ಲಿ ಈ ಭರವಸೆ ನಡೆಯದು. ಪ್ರಕೃತಿ ಅವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಹುಟ್ಟಿಸುತ್ತದೆ. ಶರೀರದ ಅನೇಕ ಭಾಗಗಳಲ್ಲಿ ಅವುಗಳ ಅರ್ಧದಷ್ಟು ಜನನಕ್ಕೆ ಮುನ್ನವೋ ಜನನದ ಆಸುಪಾಸಿನಲ್ಲಿಯೋ ಅಳಿಯುತ್ತವೆ. ಚರ್ಮವಾಗಲಿ ಬೇರೆ ಅಂಗವಾಗಲಿ, ನರವರ್ಧಕವನ್ನು ಕೊಂಚ ಕೊಂಚವೇ ತಯಾರಿಸುತ್ತದೆ. ತಂತುವನ್ನು ಚಾಚಿ ಅದನ್ನು ಪಡೆದ ಕೋಶ ಉಳಿಯುತ್ತದೆ, ಪಡೆಯದ್ದು ಅಳಿಯುತ್ತದೆ. ಅಂಗ ಎಷ್ಟು ದೊಡ್ಡದೋ ಅಷ್ಟಕ್ಕೆ ತಕ್ಕ ನರಗಳು ನಿಲ್ಲುವುದು ಹೀಗೆ.

ತಂತುವಿನ ತುದಿಯಲ್ಲಿ ‘ಟ್ರ್ಕ್-ಎ’ ಎಂಬ ಗ್ರಾಹಕವೊಂದಿದೆ. ನರವರ್ಧಕ ಅದಕ್ಕೇ ಅಂಟುತ್ತದೆಂದು 1991ರಲ್ಲಿ ತಿಳಿದುಬಂತು. ಬೀಗಕ್ಕೆ ಬೀಗದಕೈ ಕೂಡಿದಂತೆ ಅವೆರಡೂ ಕೂಡಿದೊಡನೆ ಕೋಶ ಅವನ್ನು ಒಂದು ಪುಟ್ಟ ಚೀಲದಲ್ಲಿ ಒಳಕ್ಕೆ ಎಳೆದುಕೊಂಡು, ತಂತುವಿನೊಳಗಿನ ಹಳಿಗಳಂಥ ಎಳೆಗಳ ಮೇಲೆ ಬುಡದತ್ತ ಸಾಗಿಸುತ್ತದೆ. ಪಾದದ ಬೆರಳಿನಿಂದ ಹೊರಟ ಈ ಓಲೆ, ವಯಸ್ಕನ ಶರೀರದಲ್ಲಿ, ಬೆನ್ನಿನ ಬಳಿ ಇರುವ ಕೋಶಕ್ಕೆ ತಲಪಲು ಸುಮಾರು ಒಂದು ಮೀಟರು ದೂರ ಸಾಗಬೇಕು. ಪ್ರತಿಯೊಂದು ಕೋಶದಲ್ಲಿಯೂ ತನ್ನನ್ನು ತಾನೇ ಕೊಂದುಕೊಳ್ಳುವ ಏರ್ಪಾಡು ಸಿದ್ಧವಾಗಿಯೇ ಇರುತ್ತದೆ. ಓಲೆ ಬಂದು ಅದನ್ನು ತಡೆಯುತ್ತದೆ, ಬೆಳೆಯಲು, ಕವಲೊಡೆಯಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ.

ಓಲೆ ತಲಪದಿದ್ದರೆ ಆಗುವ ಅನಾಹುತವನ್ನು ಕೆಲವು ಮಕ್ಕಳ ಬಾಳಿನಲ್ಲಿ ಕಾಣಬಹುದು. ತಂದೆ ತಾಯಿ ಇಬ್ಬರಿಂದಲೂ ಟ್ರ್ಕ್-ಎ ಜೀನಿನ ದೋಷ ಪಡೆದು ಹುಟ್ಟುವ ಈ ಅಪರೂಪದ ಮಕ್ಕಳಲ್ಲಿ ನೋವಿನ ನರಗಳು ಉಳಿದಿರುವುದಿಲ್ಲ, ಬೆವರೂ ಬರುವುದಿಲ್ಲ. ಈ ಕಾರಣವನ್ನು ಜಪಾನಿನ ವಿಜ್ಞಾನಿಗಳು 1996ರಲ್ಲಿ ಕಂಡುಹಿಡಿದರು. ನೋವಿಲ್ಲದ ಬಾಳು ವರವೆಂದು ಬಗೆಯುವವರು ಇವರನ್ನು ನೋಡಬೇಕು. ಹಲ್ಲು ಮೂಡಿದೊಡನೆ ತಮ್ಮ ನಾಲಗೆಯನ್ನೇ ಕಚ್ಚಿಕೊಳ್ಳುತ್ತಾರೆ. ಮೂಳೆ ಮುರಿದರೂ ಅರಿಯದೆ ನಡೆಯುತ್ತಾರೆ. ಬೇಸಗೆಯ ಸೆಕೆಯಲ್ಲಿ ಮೈ ಕಾದು ಜ್ವರವೇರುತ್ತದೆ. ಅಳುವ ಮಗುವಿನ ತಾಯಿಗೆ ಅಳುವೇ ಎಚ್ಚರಿಕೆ. ಈ ತಾಯಂದಿರಿಗೆ ಆ ಎಚ್ಚರಿಕೆಯೂ ಇಲ್ಲ.

ಮದ್ದಾಗಿ ಬಂದ ಫಲ

ರೀಟಾ, ಕೊಹೆನ್ ಇಬ್ಬರಿಗೂ 1986ರ ನೊಬೆಲ್ ಬಹುಮಾನ ದೊರೆಯಿತು. ಚರ್ಮವನ್ನು ಬೆಳೆಸುವ ಇನ್ನೊಂದು ವರ್ಧಕವನ್ನೂ ಕೊಹೆನ್ ಕಂಡುಹಿಡಿದಿದ್ದನು. ಮೊದಲ ದಾರಿ ತೋರಿದ ಹ್ಯಾಂಬರ್ಗರನ ಹೆಸರು ಆ ಗೌರವದಲ್ಲಿ ಸೇರಲಿಲ್ಲವೆಂಬ ಕೊರಗು ಅನೇಕ ವಿಜ್ಞಾನಿಗಳಲ್ಲಿ ಉಳಿಯಿತು.

ಈ ನಡುವೆ ನರವರ್ಧಕಕ್ಕೆ ಒಡಹುಟ್ಟುಗಳೂ ಇವೆಯೆಂದು ತಿಳಿಯಿತು. 1982ರಲ್ಲಿ ಜರ್ಮನಿಯಲ್ಲಿ ಈವ್ ಬಾರ್ಡ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಎರಡನೆಯದನ್ನು ಬೇರ್ಪಡಿಸಿದರು. ಕಲಿಕೆ, ನೆನಪುಗಳಲ್ಲಿಯೂ ಅದಕ್ಕೆ ಪಾತ್ರವುಂಟು. ಕಣ್ಣಿನ ಪಾಪೆಯ ಮೇಲಣ ಪೊರೆಗೆ ನರಗಳ ಆಸರೆ ತಪ್ಪಿ ಹುಣ್ಣಾಗುವ ವಿರಳ ರೋಗಕ್ಕೆ ನರವರ್ಧಕದ ಹನಿಮದ್ದನ್ನು ಯೂರೋಪು 2017ರಲ್ಲಿಯೂ ಅಮೆರಿಕ 2018ರಲ್ಲಿಯೂ ಒಪ್ಪಿದುವು. ಅಲ್ಝೈಮರ್ ರೋಗಿಗಳ ಮೆದುಳಿಗೆ ಅದನ್ನು ಊಡುವ ಯತ್ನಗಳು ಮಾತ್ರ ಬಯಸಿದ ಫಲ ಕೊಡಲಿಲ್ಲ. ವಸ್ತು ಕೈಯಲ್ಲಿದ್ದರೂ ಸರಿಯಾದ ಕೋಶಕ್ಕೆ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಅಳತೆಯಲ್ಲಿ ಮುಟ್ಟಿಸುವುದು ಸುಲಭವಲ್ಲ.

ನೂರು ವರ್ಷ ಪೂರೈಸಿದ ಮೊದಲ ನೊಬೆಲ್ ಪುರಸ್ಕೃತೆಯೆನಿಸಿದ ರೀಟಾ 2012ರ ಡಿಸೆಂಬರ್ 30ರಂದು ರೋಮಿನಲ್ಲಿ, ತನ್ನ 103ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಒಮ್ಮೆ ಆಕೆಯನ್ನು ವಿಶ್ವವಿದ್ಯಾನಿಲಯದಿಂದ ಹೊರಗಟ್ಟಿದ ಇಟಲಿ, 2001ರಲ್ಲಿ ಆಕೆಯನ್ನು ಆಜೀವ ಸೆನೆಟ್ ಸದಸ್ಯೆಯನ್ನಾಗಿ ಮಾಡಿ ಗೌರವಿಸಿತ್ತು. ಮಸೆದ ಸೂಜಿಯ ಮೊನೆಯಲ್ಲಿ ಆಕೆ ಕಂಡ ಸತ್ಯ ಇಷ್ಟೇ: ಬಾಳಲು ಹುಟ್ಟಿದರೆ ಸಾಲದು, ಚಾಚಿದ ಕೈಗೆ ಆಚೆಯಿಂದ ಒಂದು ಆಸರೆ ದೊರೆಯಬೇಕು.