ಎರಡು ಬನಿಯನ್ ಹಾಕ್ಕೊಳ್ಳೋ ಹುಡುಗ

ಎದೆಯ ತೊಟ್ಟಿನ ಹಿಂದೆ ನಾಣ್ಯದಷ್ಟು ಗಂಟು. ಸ್ಕೂಲ್ ಬ್ಯಾಗಿನ ಪಟ್ಟಿ ತಗುಲಿದ್ರೂ ನೋವು. ಹುಡುಗ ಸೆಕೆಯಲ್ಲೂ ಎರಡು ಬನಿಯನ್ ಹಾಕ್ತಾನೆ, ಈಜೋಕೆ ಬರಲ್ಲ ಅಂತಾನೆ. ಯಾಕೆ ಅಂತ ಮಾತ್ರ ಯಾರಿಗೂ ಹೇಳಲ್ಲ.

ಇದರ ಹೆಸರು ಗೈನೆಕೊಮಾಸ್ಟಿಯಾ. 13-14ರ ಆಸುಪಾಸಿನಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಸ್ವಲ್ಪವಾದರೂ ಆಗತ್ತೆ. ಗಂಡಸರ ಮೈಯಲ್ಲೂ ಈಸ್ಟ್ರೋಜನ್ ಇರತ್ತೆ; ಟೆಸ್ಟೋಸ್ಟೆರಾನ್‌ನ ಒಂದು ಪಾಲೇ ಈಸ್ಟ್ರೋಜನ್ ಆಗಿ ಬದಲಾಗತ್ತೆ. ಹರೆಯದಲ್ಲಿ ಇವೆರಡರ ಪ್ರಮಾಣ ಏರುಪೇರಾದಾಗ ಎದೆಯ ಗ್ರಂಥಿ ಕೊಂಚ ಬೆಳೆಯತ್ತೆ. ಕೆಲವರಿಗೆ ಒಂದೇ ಕಡೆ. ಗಂಡಸುತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದನ್ನ ಒತ್ತಿ ಹೇಳ್ತೀನಿ. ಹೆಚ್ಚಿನವರಲ್ಲಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗೇ ಇಳಿಯತ್ತೆ.

ಹಿಸುಕಬೇಡಿ. ಜಿಮ್ಮಲ್ಲಿ ಯಾರೋ ಕೊಡೋ ಸ್ಟೆರಾಯ್ಡ್ ಇಂಜೆಕ್ಷನ್ ಬೇಡವೇ ಬೇಡ, ಅದರಿಂದಲೇ ಎದೆ ಬೆಳೆಯಬಹುದು. ತೊಟ್ಟಿನಿಂದ ದ್ರವ ಬಂದ್ರೆ, ಗಂಟು ಬೇಗ ಬೇಗ ದೊಡ್ಡದಾದ್ರೆ, ವೃಷಣದಲ್ಲಿ ಗಂಟು ಕಂಡ್ರೆ, 2 ವರ್ಷ ದಾಟಿದ್ರೂ ಇಳಿಯದಿದ್ರೆ ಡಾಕ್ಟರಿಗೆ ತೋರಿಸಿ.

ಮನೆಯವರೇ, ದಯವಿಟ್ಟು ಅವನ ಎದೆ ನೋಡಿ ನಗಬೇಡಿ. ಮನೆಯಲ್ಲಿ ಹೇಳೋಕೆ ಮುಜುಗರ ಆದ್ರೆ, ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಕೇಳಬಹುದು.